ಹುಡುಗಿಯರ ಶೌಚಾಲಯದಲ್ಲಿ ಪ್ಯಾಡ್ ಡಬ್ಬಿ ಇಡಬೇಕಂತಿದ್ದೀವಿ, ಯಾರಾದರೂ ಮಾಡಿ ನೋಡಿದ್ದೀರಾ?

ಕೇಳಿದವರು: ಶಹಾಪುರ ಕಡೆಯ ಒಬ್ಬ ಪಾಲಕ

ಎಲ್ಲರಿಗೂ ನಮಸ್ಕಾರ. ನಾನು ನಮ್ಮೂರ ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ, ಇದ್ದೇನೆ. ಮಗಳು ಅಲ್ಲೇ ಒಂಬತ್ತನೇ ತರಗತಿ. ಶಾಲೆಯಲ್ಲಿ ಹುಡುಗಿಯರು 120ರ ಹತ್ತಿರ ಇದ್ದಾರೆ. ಹೋದ ವಾರದ ಮೀಟಿಂಗ್‌ನಲ್ಲಿ ವಿಜ್ಞಾನದ ಮೇಡಂ ಒಂದು ಮಾತು ಎತ್ತಿದರು. ಹುಡುಗಿಯರ ಶೌಚಾಲಯದಲ್ಲಿ ಒಂದು ಡಬ್ಬಿ ಇಟ್ಟು ಪ್ಯಾಡ್ ಹಾಕಿಡೋಣ, ಬೇಕಾದವರು ತಗೊಳ್ಳಲಿ, ದುಡ್ಡು ಬೇಡ ಅಂದರು. ಅಷ್ಟಕ್ಕೇ ಗದ್ದಲ. ಒಬ್ಬರು "ಸರ್ಕಾರ ಶುಚಿ ಯೋಜನೆಯಲ್ಲಿ ಕೊಡ್ತದಲ್ಲ, ಮತ್ತೆ ನಾವ್ಯಾಕೆ" ಅಂದರು. ಇನ್ನೊಬ್ಬರು "ಎರಡೇ ದಿನದಾಗ ಖಾಲಿ ಮಾಡ್ತಾರ" ಅಂದರು. ಮೂರನೆಯವರು ಏನೂ ಅನ್ನದೆ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದರು. ಗಂಡಸರೇ ಜಾಸ್ತಿ ಇರುವ ಸಭೆ. ನನಗೂ ಏನು ಮಾತಾಡಬೇಕೋ ತಿಳಿಯಲಿಲ್ಲ.

ಬರುವ ಗುರುವಾರ ಮತ್ತೆ ಕೂಡುತ್ತೇವೆ. ಮಾಡಿ ನೋಡಿದವರು ಇದ್ದರೆ ಹೇಳಿ. ಖರ್ಚು ಎಷ್ಟಾಗುತ್ತದೆ? ಬಳಸಿದ್ದನ್ನು ಎಲ್ಲಿ ಹಾಕುವುದು? ಡಬ್ಬಿ ಶೌಚಾಲಯದಲ್ಲೇ ಇರಬೇಕಾ, ಟೀಚರ್ ಹತ್ತಿರ ಇದ್ದರೆ ಸಾಲದಾ?

ಉತ್ತರ: ಕಲಬುರಗಿ ಜಿಲ್ಲೆಯ ಹೈಸ್ಕೂಲ್ ಶಿಕ್ಷಕಿ

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೀನಿ ಸರ್. ಟೀಚರ್ ಹತ್ತಿರ ಇದ್ದರೆ ಸಾಲದು. ನಾವು ನಾಲ್ಕು ವರ್ಷ ಹಾಗೇ ಇಟ್ಟಿದ್ದೆವು, ಅದಕ್ಕೇ ಹೇಳ್ತಿದ್ದೀನಿ.

ಪ್ಯಾಕೆಟ್‌ಗಳು ಸ್ಟಾಫ್ ರೂಮಿನ ಅಲಮಾರಿಯಲ್ಲಿ, ಕೀಲಿ ನನ್ನ ಪರ್ಸಿನಲ್ಲಿ. ಸ್ಟಾಫ್ ರೂಮಿನಲ್ಲಿ ನಾವಿಬ್ಬರು ಹೆಂಗಸರು, ಐದು ಜನ ಸರ್‌ಗಳು. ಅವರೆದುರು ಕೇಳುವುದು ಹೇಗೆ? ಹುಡುಗಿಯರೇ ಒಂದು ಗುಟ್ಟಿನ ಮಾತು ಮಾಡಿಕೊಂಡಿದ್ದರು. ಬಾಗಿಲಲ್ಲಿ ನಿಂತು "ಅಕ್ಕೋರ, ಚಾಕ್‌ಪೀಸ್ ಬೇಕಾಗಿತ್ರಿ" ಅಂದರೆ ನಾನು ಅರ್ಥ ಮಾಡಿಕೊಂಡು ಕೀಲಿ ತಗೊಂಡು ಏಳಬೇಕು. ಒಂದು ದಿನ ನಾನು ಟ್ರೇನಿಂಗ್‌ಗೆ ಹೋಗಿದ್ದೆ. ಹತ್ತನೇ ತರಗತಿಯ ಒಬ್ಬಳು ಬಂದು ಚಾಕ್‌ಪೀಸ್ ಕೇಳಿದ್ದಾಳೆ. ಗಣಿತದ ಸರ್ ಪಾಪ ಒಳ್ಳೆಯವರು, ಡಬ್ಬಿಯಿಂದ ಎರಡು ಬಿಳಿ ಚಾಕ್‌ಪೀಸ್ ತೆಗೆದು ಕೈಗೆ ಕೊಟ್ಟಿದ್ದಾರೆ. ಅವಳು ಅದನ್ನು ಹಿಡಿದುಕೊಂಡು, ಬ್ಯಾಗಿನ ಪಟ್ಟಿ ಉದ್ದ ಮಾಡಿ ಹಿಂದೆ ಕೆಳಗಿನ ತನಕ ಇಳಿಬಿಟ್ಟು, ಮೂರು ಕಿಲೋಮೀಟರ್ ನಡೆದು ಮನೆಗೆ ಹೋಗಿದ್ದಾಳೆ. ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೇ ದಿನ ಬಂದು ಆ ಎರಡು ಚಾಕ್‌ಪೀಸ್ ನನ್ನ ಟೇಬಲ್ ಮೇಲೆ ಇಟ್ಟು ಹೋದಳು.

ಆವತ್ತೇ ಅಲಮಾರಿಯಿಂದ ಎಲ್ಲ ತೆಗೆದೆ. ಕಿರಾಣಿ ಅಂಗಡಿಯಿಂದ ಮುಚ್ಚಳ ಇರುವ ಪ್ಲಾಸ್ಟಿಕ್ ಬರಣಿ ತಂದು ಶೌಚಾಲಯದ ಗೂಡಿನಲ್ಲಿಟ್ಟೆವು. ಒಂದು ಮಾತು ಬಚ್ಚಿಡಬಾರದು. ನಿಮ್ಮ ಮೆಂಬರ್ ಹೇಳಿದ ಹಾಗೇ ಆಯಿತು. ಮೊದಲ ಸಲ 200 ಪ್ಯಾಡ್ ಇಟ್ಟೆವು, ಒಂಬತ್ತು ದಿನದಲ್ಲಿ ಖಾಲಿ. "ನಾ ಹೇಳಿರಲಿಲ್ಲೇನ್ರಿ" ಅಂತ ಒಬ್ಬ ಸಹೋದ್ಯೋಗಿ ಚಹಾ ಕುಡೀತಾ ನಕ್ಕರು. ನಾನು ಮಕ್ಕಳನ್ನು ಕೂರಿಸಿ ಬೈಯಲಿಲ್ಲ, ಯಾರು ತಗೊಂಡ್ರಿ ಅಂತ ಕೇಳಲೂ ಇಲ್ಲ. ಮತ್ತೆ ತುಂಬಿಸಿದೆ. ಆಮೇಲೆ ಅವರಿವರ ಮಾತಿನಲ್ಲಿ ತಿಳಿಯಿತು, ಅರ್ಧ ಹೋಗಿದ್ದು ಮನೆಗೆ. ಶಾಲೆ ಬಿಟ್ಟು ಕೂತಿರುವ ಅಕ್ಕನಿಗೆ, ಕೂಲಿಗೆ ಹೋಗುವ ಅವ್ವನಿಗೆ. ಇದನ್ನು ಕಳ್ಳತನ ಅನ್ನಲು ನನಗಂತೂ ಬಾಯಿ ಬರಲಿಲ್ಲ. ಎರಡನೇ ತಿಂಗಳು ಸ್ವಲ್ಪ ಕಡಿಮೆ ಆಯಿತು, ಮೂರನೇ ತಿಂಗಳಿಂದ 90ರ ಆಸುಪಾಸಿನಲ್ಲಿ ನಿಂತಿದೆ. ನಾಳೆ ಬಂದರೂ ಡಬ್ಬಿಯಲ್ಲಿ ಇರುತ್ತದೆ ಅಂತ ಗೊತ್ತಾದ ಮೇಲೆ ಯಾರೂ ಬ್ಯಾಗಿಗೆ ತುಂಬಿಕೊಳ್ಳಲ್ಲ.

ಖರ್ಚು ಹೇಳ್ತೀನಿ. ಜನೌಷಧಿ ಕೇಂದ್ರದಲ್ಲಿ ಸುವಿಧಾ ಪ್ಯಾಡ್ ಒಂದಕ್ಕೆ 1 ರೂಪಾಯಿ, 2019ರ ಆಗಸ್ಟ್‌ನಲ್ಲಿ ಇಳಿಸಿದ ದರ. 90 ಪ್ಯಾಡ್‌ಗೆ 90 ರೂಪಾಯಿ. ನಮ್ಮ ಸ್ಟಾಫ್ ರೂಮಿನ ಒಂದು ದಿನದ ಚಹಾ ಅಷ್ಟಾಗುತ್ತದೆ. ಸಣ್ಣ ಊರಲ್ಲಿ ಒಮ್ಮೊಮ್ಮೆ ಸ್ಟಾಕ್ ಇರಲ್ಲ, ನಾನು ಕಲಬುರಗಿಗೆ ಹೋದಾಗ ಒಟ್ಟಿಗೇ ತಂದಿಡ್ತೀನಿ. ನಿಮ್ಮ 120 ಹುಡುಗಿಯರ ಪೂರ್ತಿ ತಿಂಗಳ ಬಳಕೆ ನೀವೇ ಕೊಡ್ತೀರಿ ಅಂದರೆ ತಲೆಗೆ 12ರಂತೆ 1,440 ರೂಪಾಯಿ ಆಗುತ್ತದೆ. ತುರ್ತಿಗೆ ಮಾತ್ರ ಅಂದರೆ ನೂರರ ಒಳಗೆ ಮುಗಿಯುತ್ತದೆ. ಮೀಟಿಂಗ್‌ನಲ್ಲಿ ಈ ಎರಡು ಲೆಕ್ಕ ಬೇರೆ ಬೇರೆ ಇಡಿ. ಎರಡನ್ನೂ ಕೂಡಿಸಿ ಹೇಳಿದರೆ ದೊಡ್ಡ ಮೊತ್ತ ಕೇಳಿಯೇ ಅರ್ಧ ಜನ ಎದ್ದು ಹೋಗ್ತಾರೆ.

ಇನ್ನೊಂದು. ದುಡಿಯುವ ನಮಗೆ ತಿಂಗಳಿಗೊಂದು ಮುಟ್ಟಿನ ರಜೆ ಕೊಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯದ ಸಂಪುಟ ಒಪ್ಪಿತು, ಸಂತೋಷ. ಈ ಮಕ್ಕಳು ರಜೆ ಕೇಳ್ತಿಲ್ಲ. ಕ್ಲಾಸಿನಲ್ಲಿ ಕೂರಲು ಆದರೆ ಸಾಕು ಅಂತಿದ್ದಾರೆ.

ಉತ್ತರ: ಹುಣಸಗಿಯವಳು, ಈಗ ಕಲಬುರಗಿಯಲ್ಲಿ ಡಿಗ್ರಿ ಓದ್ತಿದ್ದೀನಿ

ಅಣ್ಣಾ, ಡಬ್ಬಿಗಿಂತ ಮೊದಲು ಬಕೆಟ್ ನೋಡಿ. ಬಕೆಟ್‌ನಲ್ಲಿ ನೀರು ಇದೆಯಾ ನೋಡಿ. ಬಾಗಿಲಿಗೆ ಚಿಲಕ ಇದೆಯಾ ನೋಡಿ.

ನಮ್ಮ ಶಾಲೆಯಲ್ಲಿ ಮೂರು ಶೌಚಾಲಯ ಇದ್ದವು. ಒಂದಕ್ಕೆ ಬೀಗ, ಟೀಚರ್‌ಗೆ ಅಂತ. ಇನ್ನೊಂದರಲ್ಲಿ ಮುರಿದ ಬೆಂಚು ತುಂಬಿದ್ದರು. ಉಳಿದ ಒಂದಕ್ಕೆ ಚಿಲಕ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಗೆಳತಿ ಹೊರಗೆ ನಿಂತು ಬಾಗಿಲಿಗೆ ಕಾಲು ಒತ್ತಿ ಹಿಡಿಯಬೇಕು. ಮಾರ್ಚ್ ಬಂತೆಂದರೆ ನಲ್ಲಿಯಲ್ಲಿ ನೀರಿಲ್ಲ. ನಮ್ಮ ಕಡೆ ಬಿಸಿಲು ನಿಮಗೆ ಹೇಳಬೇಕಾ? ಆ ಬಿಸಿಲಲ್ಲಿ ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯದೆ ಕೂತಿರುತ್ತಿದ್ದೆವು, ಶೌಚಾಲಯಕ್ಕೆ ಹೋಗುವುದು ತಪ್ಪಲಿ ಅಂತ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು ಅಂತ ಪಾಠ ಮಾಡ್ತಾರೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಬಸ್ಸಿಗೆ ವಾಪಸ್ ಬರುವವಳು ಎಲ್ಲಿ ಬದಲಿಸಬೇಕು?

ಇನ್ನೊಂದು ಗುಟ್ಟು ಹೇಳ್ತೀನಿ. ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ಹಾಜರಿ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಯಾಕೆ ಬಂದಿಲ್ಲ ಅಂತ ಸರ್ ಕೇಳಿದರೆ ಗೆಳತಿಯರು "ಹತ್ತಿ ಬಿಡಿಸಾಕ ಹೋಗ್ಯಾಳ್ರಿ" ಅಂತಿದ್ದರು, ಸರ್ ಬರೆದುಕೊಳ್ಳುತ್ತಿದ್ದರು. ಹೊಲಕ್ಕೆ ಹೋದವರು ಇದ್ದರು, ಸುಳ್ಳಲ್ಲ. ಆದರೆ ಹತ್ತಿ ಮುಗಿದ ಮೇಲೂ, ಹೊಲದಲ್ಲಿ ಕಟ್ಟಿಗೆ ಮಾತ್ರ ನಿಂತಿರುವಾಗಲೂ ನಾವು ಹತ್ತಿ ಬಿಡಿಸಲು ಹೋಗ್ತಾನೇ ಇದ್ದೆವು. ಯಾವ ಸರ್‌ಗೂ ಅನುಮಾನ ಬರಲಿಲ್ಲ.

ಉತ್ತರ: ಬೀದರ ಜಿಲ್ಲೆ, ಆರೋಗ್ಯ ಇಲಾಖೆಯಿಂದ ನಿವೃತ್ತಳಾದವಳು

"ಶುಚಿ ಇದೆಯಲ್ಲ" ಅನ್ನುವವರಿಗೆ ಹೀಗೆ ಹೇಳಿ. ಶುಚಿ ಒಳ್ಳೆಯ ಯೋಜನೆ, 2013-14ರಲ್ಲಿ ಶುರುವಾಯಿತು. 10ರಿಂದ 19 ವರ್ಷದ ಹೆಣ್ಣುಮಕ್ಕಳಿಗೆ ಸರ್ಕಾರಿ ಶಾಲೆ, ಹಾಸ್ಟೆಲ್ ಮೂಲಕ ಪ್ಯಾಕೆಟ್ ಕೊಟ್ಟೆವು, ನಾನೇ ಹಂಚಿದ್ದೇನೆ. ಕೋವಿಡ್ ಸಮಯದಲ್ಲಿ ನಿಂತಿತು. ಮತ್ತೆ ಶುರುವಾಗುವಷ್ಟರಲ್ಲಿ 2024 ಬಂತು. ಅಷ್ಟರಲ್ಲಿ ಒಂದು ಬ್ಯಾಚಿನ ಮಕ್ಕಳು ಎಂಟಕ್ಕೆ ಸೇರಿ ಹತ್ತು ಮುಗಿಸಿಯೇ ಹೋದರು. ಇನ್ನೊಂದು ವಿಷಯ, ಶುಚಿ ಪ್ಯಾಕೆಟ್ ಮನೆಗೆ ಹೋಗುತ್ತದೆ. ಮುಟ್ಟು ಗಡಿಯಾರ ನೋಡಿ ಬರುತ್ತದೆಯೇ? ಮೂರನೇ ಪಿರಿಯಡ್‌ನಲ್ಲಿ ಶುರುವಾದವಳಿಗೆ ಮನೆಯ ಪೆಟ್ಟಿಗೆಯಲ್ಲಿರುವ ಪ್ಯಾಕೆಟ್‌ನಿಂದ ಏನು ಉಪಯೋಗ? ಹುಡುಗಿಯರ ಲೆಕ್ಕ ಸರಿಯಾಗಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಕೊಡಿ, ಶುಚಿಯೂ ಬರಲಿ. ಡಬ್ಬಿಯೂ ಇರಲಿ.

ಬಳಸಿದ್ದರ ವಿಷಯ. ಕರೆಂಟಿನ ಸುಡುವ ಯಂತ್ರ ಕೊಡಿಸ್ತೀವಿ ಅಂತ ಯಾರಾದರೂ ದಾನಿಗಳು ಬಂದರೆ ಆತುರ ಪಡಬೇಡಿ. ನಾನು ನೋಡಿದ ಮೂರು ಶಾಲೆಗಳಲ್ಲಿ ಅದು ಗೋಡೆಗೆ ನೇತುಹಾಕಿದ ಅಲಂಕಾರ. ಒಂದರಲ್ಲಿ ಕಾಯಿಲ್ ಸುಟ್ಟಿತ್ತು, ಒಂದರಲ್ಲಿ ಕರೆಂಟ್ ಪಾಯಿಂಟೇ ಇರಲಿಲ್ಲ, ಒಂದು ಸರಿಯಾಗಿ ಸುಡದೆ ಪಕ್ಕದ ಕ್ಲಾಸಿಗೆಲ್ಲ ಹೊಗೆ ತುಂಬಿಸುತ್ತಿತ್ತು. ಮುಚ್ಚಳ ಇರುವ, ಕಾಲಿನಿಂದ ಒತ್ತಿ ತೆಗೆಯುವ ಬಕೆಟ್ ಸಾಕು. ಪಕ್ಕದಲ್ಲಿ ಹಳೇ ಪೇಪರ್ ತುಂಡು ಮಾಡಿ ದಾರಕ್ಕೆ ಪೋಣಿಸಿ ನೇತುಹಾಕಿ. ಘನತ್ಯಾಜ್ಯ ನಿಯಮದಲ್ಲೂ ಇದನ್ನು ಸುತ್ತಿ ಕೊಡಬೇಕು ಅಂತಲೇ ಇದೆ. ಪಂಚಾಯಿತಿಯ ಕಸದ ಗಾಡಿ, ಸ್ವಚ್ಛ ವಾಹಿನಿ, ನಿಮ್ಮ ಊರಿಗೆ ಬರುತ್ತದಾದರೆ ಪಿಡಿಒ ಹತ್ತಿರ ಮಾತಾಡಿ ಶಾಲೆಗೂ ಬರುವ ಹಾಗೆ ಮಾಡಿ.

ಬಕೆಟ್ ಎತ್ತುವವರು ಯಾರು ಅಂತ ಮೀಟಿಂಗ್‌ನಲ್ಲೇ ಬರೆದುಕೊಳ್ಳಿ. ಬರೆಯದೆ ಬಿಟ್ಟರೆ ಆ ಕೆಲಸ ಯಾವ ಓಣಿಯವರ ತಲೆಗೆ ಬೀಳುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬಿಸಿಯೂಟದ ಅಕ್ಕಂದಿರಿಗೂ ಹಚ್ಚಬೇಡಿ. ಕೈಗವಸು ಕೊಡಿ, ತಿಂಗಳಿಗಿಷ್ಟು ಅಂತ ಕೂಲಿ ಕೊಡಿ. ಪ್ಯಾಡ್‌ಗಿಂತ ಇದಕ್ಕೇ ದುಡ್ಡು ಜಾಸ್ತಿ ಬೇಕಾಗುತ್ತದೆ.

ಉತ್ತರ: ಹುಮನಾಬಾದಿನ ನಿವೃತ್ತ ಮುಖ್ಯಗುರು

ನಾನು ನಿಮ್ಮ ಆ ಮೆಂಬರ್‌ಗಳ ಪರ ಎರಡು ಮಾತು ಆಡ್ತೀನಿ, ಬೈಯಬೇಡಿ. ಶಾಲೆಗೆ ಏನೇ ಪುಕ್ಕಟೆ ಬಂದರೂ ಅದರ ರಿಜಿಸ್ಟರ್, ಸಹಿ, ಆಡಿಟ್ ಎಲ್ಲ ಮುಖ್ಯಗುರುವಿನ ಕೊರಳಿಗೆ. ಯಾರು ಎಷ್ಟು ತಗೊಂಡರು ಅಂತ ನಾಳೆ ಕೇಳಿದರೆ ಏನು ತೋರಿಸಲಿ? ಅದಕ್ಕೇ ನಮ್ಮಂಥವರು ಅಲಮಾರಿಗೆ ಹಾಕಿ ಬೀಗ ಜಡಿಯುವುದು. ಕೆಟ್ಟ ಮನಸ್ಸಿನಿಂದಲ್ಲ. ಮೇಲಿನ ಮೇಡಂ ಅವರ ಚಾಕ್‌ಪೀಸ್ ಕತೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನನ್ನ ಶಾಲೆಯಲ್ಲೂ ಹುಡುಗಿಯರು ಏನೇನೋ ಕೇಳಿಕೊಂಡು ಬರುತ್ತಿದ್ದರು.

ಸರ್ಕಾರದ ಸಾಮಾನು ಡಬ್ಬಿಗೆ ಹಾಕಬೇಡಿ. ಊರವರ ದೇಣಿಗೆಯಿಂದ ತುಂಬಿಸಿ. ತಿಂಗಳಿಗೆ ಎಷ್ಟು ಇಟ್ಟೆವು ಅಂತ ಮಾತ್ರ ಬರೆಯಿರಿ, ಯಾರು ತಗೊಂಡರು ಅಂತ ಬೇಡ. ಆಗ ನಿಮ್ಮ ಹೆಡ್‌ಮಾಸ್ತರೂ ಒಪ್ಪಿಯಾರು.

ಉತ್ತರ: ಬಸವಕಲ್ಯಾಣದವನು

ಬೀಡಿ ಹಚ್ಚಿದವರಿಗೆ ನನ್ನದೊಂದು ಮಾತು ಮುಟ್ಟಿಸಿ. ಹನ್ನೆರಡನೇ ಶತಮಾನದಲ್ಲಿ ನಮ್ಮ ಈ ಕಲ್ಯಾಣದಲ್ಲೇ ಶರಣರು ಐದು ಸೂತಕ ಇಲ್ಲ ಅಂದರು, ಅದರಲ್ಲಿ ರಜಸ್ಸೂತಕವೂ, ಅಂದರೆ ಮುಟ್ಟಿನ ಮೈಲಿಗೆಯೂ, ಒಂದು. ಬಸವ ಜಯಂತಿಗೆ ಮೆರವಣಿಗೆ ಮಾಡುವ ನಮ್ಮ ಮನೆಯಲ್ಲೇ ತಂಗಿ ತಿಂಗಳಿಗೆ ಮೂರು ದಿನ ಕಡೀಗೆ ಕೂರ್ತಾಳೆ. ಊರಿನವರಿಗೆ ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಹೇಳ್ತಿದ್ದೀನಿ.

ಉತ್ತರ: ಭಾಲ್ಕಿಯವಳು, ಸ್ಕಾಟ್ಲೆಂಡ್‌ನಲ್ಲಿ ನರ್ಸ್

ಇಲ್ಲಿ ಶಾಲೆ, ಕಾಲೇಜುಗಳಲ್ಲಿ 2018ರಿಂದ ಪುಕ್ಕಟೆ ಸಿಗುತ್ತದೆ. ಆಮೇಲೆ ಎಲ್ಲ ಹೆಂಗಸರಿಗೂ ಅಂತ ಕಾಯಿದೆಯನ್ನೇ ಮಾಡಿದರು, 2020ರ ನವೆಂಬರ್‌ನಲ್ಲಿ ಅವರ ಪಾರ್ಲಿಮೆಂಟಿನಲ್ಲಿ ಒಂದೂ ವಿರೋಧ ಮತ ಇಲ್ಲದೆ ಪಾಸಾಯಿತು, 2022ರ ಆಗಸ್ಟ್ 15ರಿಂದ ಜಾರಿ. ನಾನು ಕಂಡದ್ದು ಇಷ್ಟೇ: ಲೈಬ್ರರಿಯ ಶೌಚಾಲಯದಲ್ಲಿ ಒಂದು ಬೆತ್ತದ ಬುಟ್ಟಿ, ಅದರಲ್ಲಿ ಪ್ಯಾಡ್. ಯಂತ್ರ ಇಲ್ಲ, ಬೀಗ ಇಲ್ಲ. ನಮ್ಮ ದೇಶದಲ್ಲೂ ಶಾಲೆಗಳಿಗೆ ಒಂದೇ ತರದ ನೀತಿ ಮಾಡಿ ಅಂತ ಸುಪ್ರೀಂ ಕೋರ್ಟ್ 2023ರಲ್ಲೇ ಕೇಂದ್ರಕ್ಕೆ ಹೇಳಿತ್ತು. ನಿಮ್ಮ ಸಭೆಯಲ್ಲಿ ಯಾರಾದರೂ "ಇದೆಲ್ಲ ಎಲ್ಲಿಯ ಪದ್ಧತಿ" ಅಂದರೆ ಇದನ್ನು ಹೇಳಿ.

ಕೇಳಿದವರು ಮತ್ತೆ

ಎಲ್ಲರಿಗೂ ಶರಣು. ಗುರುವಾರದ ಸಭೆ ಮುಗಿಯಿತು. 90 ರೂಪಾಯಿ ಲೆಕ್ಕ ಹೇಳಿದ ಮೇಲೆ ಖರ್ಚಿನ ಮಾತು ಯಾರೂ ಎತ್ತಲಿಲ್ಲ. ಚಿಲಕಕ್ಕೆ ಮತ್ತು ಬಕೆಟ್‌ಗೆ ಒಬ್ಬರು ಅಲ್ಲೇ 500 ಕೊಟ್ಟರು. ಯಾರು ಅಂದರೆ ಆ ಬೀಡಿ ಹಚ್ಚಿದವರು! ಅವರಿಗೆ ಮೂರು ಹೆಣ್ಣುಮಕ್ಕಳು ಅಂತ ನನಗೆ ಆಮೇಲೆ ನೆನಪಾಯಿತು. ಬಕೆಟ್ ಎತ್ತುವವರ ಕೂಲಿ ಮಾತ್ರ ಇನ್ನೂ ಬಗೆಹರಿದಿಲ್ಲ, ಪಂಚಾಯಿತಿಗೆ ಅರ್ಜಿ ಬರೆದಿದ್ದೇವೆ. ನೀರಿನ ಟ್ಯಾಂಕ್‌ಗೆ ಪೈಪ್ ಎಳೆಸುವುದೂ ಬಾಕಿ ಇದೆ.

ನಿಮ್ಮ ಉತ್ತರಗಳನ್ನೆಲ್ಲ ಮಗಳಿಗೆ ಓದಲು ಕೊಟ್ಟೆ. ನನ್ನ ಎದುರು ಓದಲಿಲ್ಲ, ಫೋನ್ ತಗೊಂಡು ಒಳಗೆ ಹೋದಳು. ಸುಮಾರು ಹೊತ್ತಾದ ಮೇಲೆ ಅಡುಗೆಮನೆಯಿಂದಲೇ ಕೂಗಿದಳು: "ಅಪ್ಪಾ, ಡಬ್ಬಿ ಕೈ ತೊಳಿಯೋ ಕಡಿ ಬ್ಯಾಡ, ಒಳಗ ಬಾಗಲಾ ಹಾಕ್ಕೊಂಡ ಮ್ಯಾಲ ಸಿಗೂ ಹಂಗ ಇಡಸು."