ಐಬಿಡಿ ಸಿಎಂಇಗೆ ಹೋಗಿ ಬಂದವರು ಹೇಳಿ, ಉಪಯೋಗ ಆಯ್ತಾ?

ಪ್ರಶ್ನೆ, ಗದಗ ಜಿಲ್ಲೆಯಿಂದ: ರೋಣದ ಹತ್ತಿರ ಪ್ರಾಕ್ಟೀಸ್ ಮಾಡುತ್ತೇನೆ. ಕರುಳಿನ ಉರಿಯೂತ, ಅಂದರೆ ಐಬಿಡಿ ಚಿಕಿತ್ಸೆ ಬಗ್ಗೆ ಹುಬ್ಬಳ್ಳಿಯಲ್ಲಿ ಒಂದು ದಿನದ ಸಿಎಂಇ, ಅಂದರೆ ಡಾಕ್ಟರುಗಳ ಮುಂದುವರಿಕೆ ತರಬೇತಿ, ಇದೆ. ನನ್ನ ಹತ್ತಿರ ಬರುವ ಇಂಥ ಪೇಷಂಟ್‌ಗಳು ನಾಲ್ಕೈದು ಜನ ಅಷ್ಟೇ. ಕ್ಲಿನಿಕ್ ಮುಚ್ಚಿ ಹೋಗಬೇಕಾ?

ಹಾವೇರಿಯಿಂದ: ಹೋಗಿ ಮೇಡಂ. ಆದರೆ ಬರಿಗೈಯಲ್ಲಿ ಬೇಡ. ಆ ನಾಲ್ಕೈದು ಜನರಲ್ಲಿ ನಿಮಗೆ ಜಾಸ್ತಿ ತಲೆನೋವಾದ ಒಬ್ಬರ ಕೇಸ್ ಬರೆದುಕೊಂಡು ಹೋಗಿ, ಹೆಸರು ಬಿಟ್ಟು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಅಕ್ಕ ಒಬ್ಬರು ನನ್ನ ಹತ್ತಿರ ಬರುತ್ತಿದ್ದರು. ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಐಬಿಡಿ. ಕ್ಯಾರಿಬ್ಯಾಗ್ ತುಂಬ ಹಳೇ ಚೀಟಿ, ಎಲ್ಲದರಲ್ಲೂ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್. ಮುಖ ಊದಿಕೊಂಡಿತ್ತು. "ಈ ಗುಳಿಗಿ ಬಿಟ್ರ ಮತ್ತ ರಕ್ತ ಬೀಳತೈತ್ರಿ" ಅನ್ನೋರು. ನಾನೂ ಎರಡು ಸಲ ಅದನ್ನೇ ಬರೆದುಕೊಟ್ಟಿದ್ದೆ. ಸಿಎಂಇಯಲ್ಲಿ ಈ ಕೇಸ್ ಹೇಳಿದಾಗ ಹಿರಿಯರೊಬ್ಬರು ಕೇಳಿದ್ದು ಎರಡೇ ಮಾತು: ಮೆಸಲಮೈನ್ ಎಷ್ಟು ಗ್ರಾಂ? ಎನಿಮಾ ಕೊಟ್ಟಿರಾ? ಮೆಸಲಮೈನ್ ಅಂದರೆ ಕರುಳಿನ ಉರಿಯೂತ ಇಳಿಸುವ, ಸ್ಟೀರಾಯ್ಡ್ ಅಲ್ಲದ ಔಷಧ; ಎನಿಮಾ ಅಂದರೆ ಅದನ್ನೇ ಗುದದ್ವಾರದಿಂದ ಒಳಗೆ ಬಿಡೋದು. ನಾನು ಕೊಡುತ್ತಿದ್ದದ್ದು ದಿನಕ್ಕೆ 1.2 ಗ್ರಾಂ ಮಾತ್ರೆ, ಅಷ್ಟೇ. ಉರಿಯೂತ ಎದ್ದಿರುವಾಗ ಕನಿಷ್ಠ 2 ಗ್ರಾಂ ಬೇಕು. ರೋಗ ದೊಡ್ಡ ಕರುಳಿನ ಎಡಭಾಗದಲ್ಲಿದ್ದರೆ ಮಾತ್ರೆ, ಎನಿಮಾ ಎರಡೂ ಸೇರಿದಾಗಲೇ ಚೆನ್ನಾಗಿ ಕೆಲಸ ಮಾಡುತ್ತೆ. ಸ್ಟೀರಾಯ್ಡ್ ಇರೋದು ಎದ್ದ ಉರಿ ಆರಿಸೋಕೆ, ವರ್ಷಗಟ್ಟಲೆ ನುಂಗೋಕಲ್ಲ. ಎನಿಮಾ ಅಂದರೆ ನಮ್ಮ ಕಡೆ ನಾಚಿಕೆ ಜಾಸ್ತಿ, ಅಲ್ವಾ? ನಮ್ಮ ಸಿಸ್ಟರ್ ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು, ಎಡಮಗ್ಗುಲಾಗಿ ಮಲಗೋದರಿಂದ ಹಿಡಿದು ಎಲ್ಲ ತೋರಿಸಿಕೊಟ್ಟರು. ಸ್ಟೀರಾಯ್ಡ್ ನಿಧಾನವಾಗಿ ಇಳಿಸಿದೆವು. ಪೂರ್ತಿ ಬಿಟ್ಟು ಈಗ ಹದಿನಾಲ್ಕು ತಿಂಗಳು.

ಧಾರವಾಡದಿಂದ: ಟಿಬಿ ಬಗ್ಗೆ ಕೇಳದೆ ಎದ್ದು ಬರಬೇಡಿ. ಕರುಳಿನ ಟಿಬಿ, ಕ್ರೋನ್ಸ್ (ಇನ್ನೊಂದು ಬಗೆಯ ಐಬಿಡಿ) ಎರಡೂ ಸಣ್ಣ ಕರುಳು ದೊಡ್ಡ ಕರುಳು ಸೇರುವ ಜಾಗದಲ್ಲೇ ಜಾಸ್ತಿ. ಯಾವುದು ಅಂತ ಬಯಾಪ್ಸಿಯಲ್ಲೂ ಎಷ್ಟೋ ಸಲ ಗೊತ್ತಾಗಲ್ಲ. ಇನ್‌ಫ್ಲಿಕ್ಸಿಮ್ಯಾಬ್‌ಗೆ (ಇದು ರೋಗನಿರೋಧಕ ಶಕ್ತಿ ತಗ್ಗಿಸುವ ಇಂಜೆಕ್ಷನ್) ಮೊದಲು ಎದೆಯ ಎಕ್ಸ್‌ರೇ, ಟಿಬಿ ಟೆಸ್ಟ್, ಹೆಪಟೈಟಿಸ್ ಬಿ ಟೆಸ್ಟ್ ಆಗಲೇಬೇಕು. ಅದೇ ಶಕ್ತಿ ತಗ್ಗಿಸುವ ಮಾತ್ರೆ ಅಜಥಯೊಪ್ರಿನ್ ಶುರು ಮಾಡಿದರೆ ಮೊದಲ ವಾರಗಳಲ್ಲೇ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ನೋಡಿ. ನಮ್ಮ ಜನರಲ್ಲಿ ಕೆಲವರಿಗೆ ಎನ್‌ಯುಡಿಟಿ15 ಜೀನ್ ವ್ಯತ್ಯಾಸದಿಂದ ಬಿಳಿ ರಕ್ತಕಣ ದಿಢೀರ್ ಅಂತ ಇಳಿಯುತ್ತೆ.

ಹುಬ್ಬಳ್ಳಿಯಿಂದ: ಊಟ ಆದಮೇಲಿನ ಕೇಸ್ ಚರ್ಚೆ ಬಿಡಬೇಡಿ ಮೇಡಂ, ಬಸ್ ತಪ್ಪಿದರೂ ಚಿಂತೆಯಿಲ್ಲ. ಇನ್ನೊಂದು, ಅಲ್ಸರೇಟಿವ್ ಕೊಲೈಟಿಸ್ ಎಷ್ಟು ತೀವ್ರ ಅಂತ ಅಳೆಯುವ 1955ರ ಟ್ರೂಲವ್-ವಿಟ್ಸ್ ಲೆಕ್ಕ ಟೇಬಲ್ ಗಾಜಿನ ಕೆಳಗೆ ಇಟ್ಟುಕೊಳ್ಳಿ. ದಿನಕ್ಕೆ ಆರು ಸಲ ಅಥವಾ ಜಾಸ್ತಿ ರಕ್ತಭೇದಿ, ಜೊತೆಗೆ ನಾಡಿ 90 ದಾಟಿದ್ದರೆ, ಇಲ್ಲವೇ ಹಿಮೊಗ್ಲೋಬಿನ್ 10.5ಕ್ಕಿಂತ ಕಡಿಮೆ ಇದ್ದರೆ, ಮಾತ್ರೆ ಬರೆದು ಮನೆಗೆ ಕಳಿಸಬೇಡಿ. ಅವತ್ತೇ ಅಡ್ಮಿಟ್ ಆಗಬೇಕು.