ಕಂಪ್ಯೂಟರ್‌ನಲ್ಲಿರುವುದನ್ನೆಲ್ಲ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿಡಬೇಕು, ಮಾಡಿ ನೋಡಿದವರು ಹೇಳಿ

ದಾವಣಗೆರೆ ವಿದ್ಯಾನಗರದಿಂದ, ಪ್ರಶ್ನೆ:

ನಮ್ಮ ಮನೆಯ ಕಂಪ್ಯೂಟರ್‌ಗೆ ಎಂಟು ವರ್ಷ ಆಯಿತು. ಒಂದು ವಾರದಿಂದ ಒಳಗಿಂದ ಟಕ್ ಟಕ್ ಅಂತ ಸದ್ದು ಬರುತ್ತಿದೆ. ಮಕ್ಕಳ ಫೋಟೋ, ತಂಗಿಯ ಮದುವೆ ವಿಡಿಯೋ, ಅಪ್ಪ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಸಿಟ್ಟ ಊರಿನ ಕಥೆಗಳು, ನಮ್ಮ ಮಂಡಕ್ಕಿ ಭಟ್ಟಿಯ ಟ್ಯಾಲಿ ಲೆಕ್ಕ, ಎಲ್ಲ ಅದರಲ್ಲೇ ಇದೆ. ಡಿ ಡ್ರೈವ್‌ನಲ್ಲಿ ಒಂದು ಕಾಪಿ ಮಾಡಿಟ್ಟಿದ್ದೇನೆ. ನಿನ್ನೆ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದೆ. ಹಾಕಿ ನೋಡಿದರೆ 931 ಜಿಬಿ ಅಂತ ತೋರಿಸುತ್ತಿದೆ. ಮೋಸ ಹೋದೆನಾ? ಸುಮ್ನೆ ಕಾಪಿ ಮಾಡಿದರೆ ಸಾಕಾ, ಬೇರೆ ದಾರಿ ಇದೆಯಾ?

ನಿಟ್ಟುವಳ್ಳಿಯಿಂದ:

ಸರ್, ಮೊದಲು ಆ ಸದ್ದಿನ ವಿಷಯ. ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ ಅದರ ಆಯಸ್ಸು ಮುಗಿಯುತ್ತಾ ಬಂದಿರಬಹುದು. ಬೇರೆ ಯಾವ ಕೆಲಸಕ್ಕೂ ಕಂಪ್ಯೂಟರ್ ಆನ್ ಮಾಡಬೇಡಿ. ಹೊಸ ಸಾಫ್ಟ್‌ವೇರ್ ಹಾಕುವುದು, ಡಿಫ್ರಾಗ್ (ಡಿಸ್ಕ್‌ನಲ್ಲಿ ಚದುರಿದ ಫೈಲ್ ತುಣುಕುಗಳನ್ನು ಒಟ್ಟು ಜೋಡಿಸುವುದು) ಮಾಡುವುದು ಬೇಡವೇ ಬೇಡ. ಇವತ್ತು ಸಂಜೆಯೇ ಕೂತು, ಮತ್ತೆ ಎಲ್ಲೂ ಸಿಗದೇ ಇರುವುದನ್ನು ಮೊದಲು ತೆಗೆದುಕೊಳ್ಳಿ. ಅಪ್ಪನ ಬರಹ, ಆಮೇಲೆ ಲೆಕ್ಕ, ಆಮೇಲೆ ಫೋಟೋ. ಮದುವೆ ವಿಡಿಯೋ ಕೊನೆಗೆ. ಅದು ದೊಡ್ಡದು, ಬೀಗರ ಮನೆಯಲ್ಲಿ ಇನ್ನೊಂದು ಕಾಪಿ ಇದ್ದರೂ ಇರಬಹುದು. ಯಾವುದಾದರೂ ಫೈಲ್ ಹತ್ತಿರ ನಿಂತುಬಿಟ್ಟರೆ ಸ್ಕಿಪ್ ಮಾಡಿ ಮುಂದೆ ಹೋಗಿ, ಅದಕ್ಕೇ ಜಗ್ಗಾಡಬೇಡಿ.

ಡಿ ಡ್ರೈವ್‌ನ ಕಾಪಿಯನ್ನು ಮಾತ್ರ ನಂಬಬೇಡಿ. ನಮ್ಮ ಕಡೆ ಕಂಪ್ಯೂಟರ್ ಜೋಡಿಸಿ ಕೊಡುವಾಗ ಎಷ್ಟೋ ಸಲ ಒಂದೇ ಡಿಸ್ಕನ್ನು ಸಿ, ಡಿ, ಇ ಅಂತ ಭಾಗ ಮಾಡಿ ಕೊಡುತ್ತಾರೆ. ಒಂದೇ ಕಣಜದೊಳಗೆ ಅಡ್ಡಗೋಡೆ ಹಾಕಿದ ಹಾಗೆ. ಕಣಜಕ್ಕೇ ನೀರು ನುಗ್ಗಿದರೆ ಆ ಕಡೆಯ ಜೋಳವೂ ಇಲ್ಲ, ಈ ಕಡೆಯದೂ ಇಲ್ಲ. ನಾನು ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಡಿ ಡ್ರೈವ್‌ನಲ್ಲಿ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಒಂದು ಬೆಳಿಗ್ಗೆ ಡಿಸ್ಕ್ ಏಳಲೇ ಇಲ್ಲ. ಲಗ್ನಪತ್ರಿಕೆಗಳನ್ನು ಮತ್ತೆ ಮಾಡಿಕೊಟ್ಟೆ. ಮಗಳ ಮೊದಲ ವರ್ಷದ ಫೋಟೋ ಮಾತ್ರ ಒಂದೂ ಉಳಿಯಲಿಲ್ಲ. ಅವಳಿಗೆ ಈಗ ಹನ್ನೊಂದು. ತೋರಿಸು ಅಂತ ಕೇಳುತ್ತಾಳೆ.

931ರ ಬಗ್ಗೆ ಚಿಂತೆ ಬೇಡ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಜಾಗ ಅಷ್ಟೇ ಇದೆ.

ಈ ಸಲ ಕೈಯಿಂದಲೇ ಕಾಪಿ ಮಾಡಿ. ಒಳಗೆ ಹೊಸ ಡಿಸ್ಕ್ ಹಾಕಿಸಿದ ಮೇಲೆ ವಿಂಡೋಸ್‌ನಲ್ಲೇ ಇರುವ ಫೈಲ್ ಹಿಸ್ಟರಿ ಆನ್ ಮಾಡಿಕೊಳ್ಳಿ. ಕಂಟ್ರೋಲ್ ಪ್ಯಾನಲ್‌ನಲ್ಲಿ ಸಿಗುತ್ತದೆ. ಡ್ರೈವ್ ಚುಚ್ಚಿದ್ದರೆ ಗಂಟೆಗೊಮ್ಮೆ ಬದಲಾದ ಫೈಲ್‌ಗಳನ್ನು ತಾನೇ ಎತ್ತಿಟ್ಟುಕೊಳ್ಳುತ್ತದೆ. ಹಳೆಯ ರೂಪವೂ ಉಳಿಯುತ್ತದೆ. ತಪ್ಪಿ ಒಂದು ಪುಟ ಅಳಿಸಿ ಸೇವ್ ಮಾಡಿದರೂ ಮೊನ್ನೆಯದನ್ನು ವಾಪಸ್ ತರಬಹುದು. ಬರೀ ಕಾಪಿ ಪೇಸ್ಟ್‌ನಲ್ಲಿ ಈ ಅನುಕೂಲ ಇಲ್ಲ. ಆದರೆ ಅದು ನೋಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಇಂಥವನ್ನೇ. ಡಿ ಡ್ರೈವ್‌ನಲ್ಲಿ ನೀವೇ ಮಾಡಿದ ಫೋಲ್ಡರನ್ನು ಅದು ತಾನಾಗಿ ಮುಟ್ಟುವುದಿಲ್ಲ. ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಲೈಬ್ರರಿಗೆ ಸೇರಿಸಬೇಕು.

ಮತ್ತೆ ಅಪ್ಪನ ಬರಹ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಅದು ಹಳೆಯ ನುಡಿ ಫಾಂಟ್‌ನಲ್ಲಿದ್ದರೆ, ಯೂನಿಕೋಡ್ (ಈಗಿನ ಎಲ್ಲ ಕಂಪ್ಯೂಟರ್‌ಗಳೂ ಓದುವ ಅಕ್ಷರ ಪದ್ಧತಿ) ಅಲ್ಲದಿದ್ದರೆ, ಫೈಲ್ ಒಂದನ್ನೇ ಉಳಿಸಿದರೆ ಸಾಲದು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಫೈಲ್ ಕೆಟ್ಟಿತು ಅಂತ ಅಳಿಸಿದವರನ್ನು ನಾನು ನೋಡಿದ್ದೇನೆ. ಫಾಂಟ್‌ಗಳು ಇರುವುದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ. ಅವನ್ನೂ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿ. ಜೊತೆಗೆ ಒಂದು ಪಿಡಿಎಫ್ ಮಾಡಿಟ್ಟರೆ ಎಲ್ಲಿ ಬೇಕಾದರೂ ಓದಬಹುದು.

ಎಂಸಿಸಿ ಬಿ ಬ್ಲಾಕ್‌ನಿಂದ:

ನಾನು ನಾಲ್ಕೈದು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಟ್ಯಾಲಿ ಡೇಟಾ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ ಅಣ್ಣ, ಅದರದೇ ಡೇಟಾ ಫೋಲ್ಡರ್ ಬೇರೆ. ಎಷ್ಟೋ ಜನ ಅಲ್ಲೇ ತಪ್ಪುತ್ತಾರೆ. ಟ್ಯಾಲಿ ಪ್ರೈಮ್ ಆದರೆ ಆಲ್ಟ್ ವೈ ಒತ್ತಿ ಬ್ಯಾಕಪ್ ಕೊಡಿ, ಎಕ್ಸ್‌ಟರ್ನಲ್ ಡಿಸ್ಕ್‌ನ ದಾರಿ ತೋರಿಸಿ. ಪ್ರತಿ ಸಲ ತಾರೀಖು ಹಾಕಿ ಹೊಸ ಫೋಲ್ಡರ್ ಮಾಡಿ. ಹಳೆಯದರ ಮೇಲೇ ಬರೆದರೆ, ಇವತ್ತಿನ ಡೇಟಾ ಕೆಟ್ಟಿದ್ದರೆ ನಿನ್ನೆಯದೂ ಹೋಗುತ್ತದೆ ಅಲ್ವಾ?

ಚಿತ್ರದುರ್ಗದಿಂದ:

ನಿಟ್ಟುವಳ್ಳಿಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಫೈಲ್ ಹಿಸ್ಟರಿ ಒಳ್ಳೆಯದೇ. ಆದರೆ ಡ್ರೈವನ್ನು ಸದಾ ಚುಚ್ಚಿಟ್ಟಿರುವುದು ನನಗೆ ಒಪ್ಪಿಗೆ ಇಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ವೈರಸ್ ಲೋಕವೆಲ್ಲ ಹಬ್ಬಿತ್ತಲ್ಲ, ಆ ಜಾತಿಯವು ಕಂಪ್ಯೂಟರ್‌ಗೆ ಸಿಕ್ಕಿಸಿದ ಡ್ರೈವ್‌ನ ಫೈಲ್‌ಗಳಿಗೂ ಬೀಗ ಹಾಕುತ್ತವೆ. ಸಿಡಿಲಿಗೂ ಎರಡೂ ಒಟ್ಟಿಗೇ ಸಿಗುತ್ತವೆ. ನಾನು ಭಾನುವಾರ ಚುಚ್ಚುತ್ತೇನೆ, ಕೆಲಸ ಮುಗಿದ ಮೇಲೆ ಸೇಫ್ಲಿ ರಿಮೂವ್ ಕೊಟ್ಟು ತೆಗೆದು ಬೀರುವಿನಲ್ಲಿ ಇಡುತ್ತೇನೆ. ವಾರದ ಮಧ್ಯದ ಕೆಲಸಕ್ಕೆ ಒಂದು ಪೆನ್‌ಡ್ರೈವ್ ಸಾಕು.

ಕಾಪಿ ಆಗುವಾಗ ಕರೆಂಟ್ ಹೋದರೆ ಅರ್ಧ ಬರೆದ ಫೈಲ್ ಕೆಡಬಹುದು. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗದ ಹೊತ್ತು ನೋಡಿಕೊಂಡು ಶುರು ಮಾಡಿ. ಕಂಪ್ಯೂಟರ್‌ನಲ್ಲಿ ನೀಲಿ ಬಾಯಿಯ ಯುಎಸ್‌ಬಿ ಇದ್ದರೆ ಅದಕ್ಕೇ ಹಾಕಿ. ಅದು ಸಾಮಾನ್ಯವಾಗಿ 3.0, ಹಳೆಯ 2.0ಕ್ಕಿಂತ ತುಂಬ ಬೇಗ ಮುಗಿಯುತ್ತದೆ.

ಫೋಟೋ ತೆಗೆಯುವವರಲ್ಲಿ ಒಂದು ಲೆಕ್ಕ ಇದೆ, 3-2-1. ಮೂರು ಕಾಪಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಮನೆಯ ಹೊರಗೆ. ನಮ್ಮ ಅಣ್ಣ ದಾವಣಗೆರೆಯಲ್ಲಿದ್ದಾನೆ. ನನ್ನ ಒಂದು ಡಿಸ್ಕ್ ಅವನ ಮನೆಯಲ್ಲಿ, ಅವನದು ನಮ್ಮ ಮನೆಯಲ್ಲಿ. ಹಬ್ಬಕ್ಕೆ ಹೋಗಿ ಬರುವಾಗ ಹೊಸದು ಕೊಟ್ಟು ಹಳೆಯದು ತರುತ್ತೇವೆ. ಯುಗಾದಿ, ಗಣೇಶನ ಹಬ್ಬ, ದೀಪಾವಳಿ, ಅಂತೂ ವರ್ಷಕ್ಕೆ ಮೂರು ಸಲ ಆಗುತ್ತದೆ.

ಹಾಗೇ, ಕಾಪಿ ಆದ ಮೇಲೆ ಡಿಸ್ಕನ್ನು ಇನ್ನೊಬ್ಬರ ಕಂಪ್ಯೂಟರ್‌ಗೆ ಹಾಕಿ ಹತ್ತು ಫೈಲ್ ತೆರೆದು ನೋಡಿ. ಹೆಸರು ಕಾಣಿಸಿದ ಮಾತ್ರಕ್ಕೆ ಒಳಗೆ ಸರಿ ಇದೆ ಅಂತ ಅಲ್ಲ.

ವಿದ್ಯಾನಗರದಿಂದ, ಮತ್ತೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ರಾತ್ರಿ ಹನ್ನೊಂದೂವರೆವರೆಗೆ ಕೂತು ಮಾಡಿದೆ. ಫೋಟೋಗಳಲ್ಲಿ ಹದಿನಾಲ್ಕು ಬರಲಿಲ್ಲ, ಉಳಿದವು ಬಂದವು. ಟ್ಯಾಲಿ ಡೇಟಾ ಬೇರೆ ಕಡೆಯೇ ಇತ್ತು. ಬೆಳಿಗ್ಗೆ ಪಕ್ಕದ ಮನೆಯ ಲ್ಯಾಪ್‌ಟಾಪ್‌ನಲ್ಲಿ ಅಪ್ಪನ ಫೈಲ್ ತೆರೆದರೆ ನೀವು ಹೇಳಿದ ಹಾಗೇ ಗಜಿಬಿಜಿ ಅಕ್ಷರ. ಮೊದಲೇ ಓದಿರದಿದ್ದರೆ ಎದೆ ಒಡೆಯುತ್ತಿತ್ತು. ಫಾಂಟ್ ಹಾಕಿದ ಕೂಡಲೇ ಕನ್ನಡ ಬಂತು. ಅಪ್ಪನನ್ನು ಕರೆದು ಕೂರಿಸಿದೆ, ಕನ್ನಡಕ ಹಾಕಿಕೊಂಡು ಮೊದಲ ಎರಡು ಪುಟ ಓದಿದರು. ಒಂದು ಕಡೆ ಊರ ಕೆರೆಯ ಹೆಸರು ತಪ್ಪಾಗಿದೆಯಂತೆ, ಸಂಜೆ ತಿದ್ದಬೇಕು.