ವಿಷಯ: ‘ನಿರಾಶ್ರಿತರ ಪುನರ್ವಸತಿ’ ಸರಿಯೇ? ಫ್ಲೆಕ್ಸ್‌ಗೆ ಸಂಜೆ 4ರೊಳಗೆ ಬೇಕು

ಹೇಮಾವತಿ ದಂಡೆ (ಹಾಸನ), ಬೆಳಿಗ್ಗೆ 9.40

ಕನ್ನಡ ಪದಚರ್ಚೆಯ ಈ ಗುಂಪಿನ ಬಲ್ಲವರಿಗೆ ನಮಸ್ಕಾರ. ಶನಿವಾರ ಹಾಸನದಲ್ಲಿ ಒಂದು ದಿನದ ಕಾರ್ಯಾಗಾರ. ಬರುವವರು ಟ್ರಸ್ಟ್ ನಡೆಸುವವರು, ಕಾಫಿ ಬೆಳೆಗಾರರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಯುದ್ಧಕ್ಕೋ ಕಿರುಕುಳಕ್ಕೋ ಹೆದರಿ ದೇಶ ಬಿಟ್ಟವರಿಗೆ ನೆಲೆ ಕೊಡುವ ಕೆಲಸಕ್ಕೆ ಸರ್ಕಾರದ ದುಡ್ಡಲ್ಲದೆ ಜನರಿಂದ, ಕಂಪನಿಗಳಿಂದ ಹಣ ಎತ್ತುವುದು ಹೇಗೆ ಅನ್ನುವುದು ವಿಷಯ. 10×4 ಅಡಿ ಫ್ಲೆಕ್ಸ್ ಒಂದು, ಎಂಟು ಪುಟದ ಕೈಪಿಡಿ ಒಂದು. ಫ್ಲೆಕ್ಸ್ ಅಂಗಡಿಯವರು ಇವತ್ತೇ ಮ್ಯಾಟರ್ ಕೇಳಿದ್ದಾರೆ. ಕೈಪಿಡಿಗೆ ಗುರುವಾರದವರೆಗೆ ಸಮಯವಿದೆ.

ನನ್ನ ಕರಡು: ‘ನಿರಾಶ್ರಿತರ ಪುನರ್ವಸತಿ ಮತ್ತು ಏಕೀಕರಣ ಕಾರ್ಯಕ್ರಮಗಳಿಗೆ ಖಾಸಗಿ ಹಣಕಾಸು’. ಓದಿದರೆ ಸುತ್ತೋಲೆ ಓದಿದ ಹಾಗಿದೆ. ರೆಫ್ಯೂಜಿ, ರೀಸೆಟಲ್‌ಮೆಂಟ್, ಇಂಟಿಗ್ರೇಷನ್ (ಬಂದವರು ಊರಿನವರೊಂದಿಗೆ ಸೇರಿ ಬಾಳುವುದು), ಪ್ರೈವೇಟ್ ಫಂಡಿಂಗ್, ಸ್ಪಾನ್ಸರ್: ಐದಕ್ಕೂ ಪದ ಹೇಳಿ.

ಕಡತ (ಬೆಂಗಳೂರು), 10.05

‘ಏಕೀಕರಣ’ ತೆಗೆಯಿರಿ. ಕನ್ನಡಿಗರಿಗೆ ಏಕೀಕರಣ ಅಂದರೆ 1956, ರಾಜ್ಯೋತ್ಸವದ ಭಾಷಣ. ‘ವಿಲೀನ’ವೂ ಬೇಡ, ಅದು ಬ್ಯಾಂಕುಗಳದ್ದು, ವಿಲೀನವಾದದ್ದರ ಬೋರ್ಡು ಮಾರನೆಯ ದಿನ ಇರುವುದಿಲ್ಲ. ಮಿಕ್ಕವು ಕಡತಗಳಲ್ಲಿ ದಶಕಗಳಿಂದ ಚಾಲ್ತಿಯಲ್ಲಿವೆ. ಮುಟ್ಟಬೇಡಿ.

ಮುಳ್ಳಯ್ಯನಗಿರಿ (ಚಿಕ್ಕಮಗಳೂರು), 10.30

ಮಿಕ್ಕವೇ ಹೆಚ್ಚು ಅಪಾಯ. ಒಂದೊಂದಾಗಿ ಹೇಳುತ್ತೇನೆ.

‘ನಿರಾಶ್ರಿತರು’. ನಮ್ಮ ರಾಜ್ಯದಲ್ಲಿ ‘ನಿರಾಶ್ರಿತರ ಪರಿಹಾರ ಕೇಂದ್ರ’ ಅಂತ ಬೋರ್ಡು ಇರುವುದು ಭಿಕ್ಷುಕರನ್ನು ಇರಿಸುವ ಜಾಗಕ್ಕೆ, 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ. ಮನೆ ಕಂದಾಯದ ಮೇಲೆ ಶೇ 3 ಭಿಕ್ಷುಕರ ಕರ ಎಲ್ಲರೂ ಕಟ್ಟುತ್ತಾರೆ. ‘ನಿರಾಶ್ರಿತರಿಗೆ ಹಣ ಕೊಡಿ’ ಅಂತ ಫ್ಲೆಕ್ಸ್ ಹಾಕಿದರೆ ‘ಆಗಲೇ ಕೊಡ್ತಿದೀವಲ್ಲ’ ಅನ್ನುವವರು ಸಿಕ್ಕೇ ಸಿಗುತ್ತಾರೆ.

‘ಸಂತ್ರಸ್ತರು’ ಹಾಸನದಲ್ಲಿ ನಡೆಯುವುದೇ ಇಲ್ಲ. ಅಲ್ಲಿ ಸಂತ್ರಸ್ತ ಅಂದರೆ ಗೊರೂರು ಅಣೆಕಟ್ಟೆಯಿಂದ ಮುಳುಗಡೆಯಾದವರು. ‘ಎಚ್‌ಆರ್‌ಪಿ (ಹೇಮಾವತಿ ಜಲಾಶಯ ಯೋಜನೆ) ಸಂತ್ರಸ್ತರು’ ಅನ್ನುವ ಮಾತಿನ ಹಿಂದೆಯೇ ಜಮೀನಿನ ತಕರಾರೂ ಬಂದು ಕೂರುತ್ತದೆ. ‘ವಲಸಿಗರು’ ಅಂದರೆ ತೋಟದ ಮಾಲೀಕರು ಕಾಫಿ ಕೊಯ್ಲಿಗೆ ಬರುವ ಅಸ್ಸಾಂ ಕಡೆಯ ಕೆಲಸಗಾರರನ್ನು ನೆನೆಯುತ್ತಾರೆ. ಹೊಟ್ಟೆಪಾಡಿಗೆ ಬಂದವರು ವಾಪಸ್ ಹೋಗಬಹುದು, ರೆಫ್ಯೂಜಿ ಹೋಗುವ ಹಾಗಿಲ್ಲ. ಪದ ಹಿಡಿಯಬೇಕಾದ್ದು ಈ ವ್ಯತ್ಯಾಸವನ್ನು.

‘ಪುನರ್ವಸತಿ’ ನಮ್ಮಲ್ಲಿ ಎಲ್ಲಕ್ಕೂ ಒಂದೇ ಚೀಲ. ಕುಡಿತ ಬಿಡಿಸುವುದೂ ಪುನರ್ವಸತಿ, ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳವರನ್ನು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ತಂದದ್ದೂ ಪುನರ್ವಸತಿ. ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯ ಲೆಕ್ಕದಲ್ಲಿ ಶಾಶ್ವತ ಪರಿಹಾರ ಮೂರು: ಇಷ್ಟಪಟ್ಟು ತಾಯ್ನಾಡಿಗೆ ಮರಳುವುದು, ಓಡಿಬಂದ ದೇಶದಲ್ಲೇ ನಿಲ್ಲುವುದು, ಅಲ್ಲಿಂದ ಮೂರನೆಯ ದೇಶ ಕರೆಸಿಕೊಳ್ಳುವುದು. ರೀಸೆಟಲ್‌ಮೆಂಟ್ ಅನ್ನುವುದು ಮೂರನೆಯದನ್ನು ಮಾತ್ರ. ಬೈಲಕುಪ್ಪೆಯ ಟಿಬೆಟನ್ ನೆಲೆ ಈ ಅರ್ಥದಲ್ಲಿ ರೀಸೆಟಲ್‌ಮೆಂಟ್ ಅಲ್ಲವೇ ಅಲ್ಲ, ಎರಡನೆಯ ಬಗೆಯದು. ಕೈಪಿಡಿಯಲ್ಲಿ, ಜನರೇ ಗುಂಪು ಕಟ್ಟಿ ನಿರಾಶ್ರಿತರನ್ನು ಕರೆಸಿಕೊಳ್ಳುವ ಕೆನಡಾ ಮಾದರಿಯನ್ನೂ ಬೈಲಕುಪ್ಪೆಯನ್ನೂ ಒಂದೇ ‘ಪುನರ್ವಸತಿ’ಗೆ ತುರುಕಿದರೆ, ಕೊಟ್ಟ ದುಡ್ಡು ಟೊರಾಂಟೋದ ಮನೆ ಬಾಡಿಗೆಗೋ ಬೈಲಕುಪ್ಪೆಯಿರುವ ಪಿರಿಯಾಪಟ್ಟಣ ತಾಲ್ಲೂಕಿನ ಶಾಲೆಗೋ ಅಂತ ದಾನಿಗೆ ಗೊತ್ತಾಗುವುದಿಲ್ಲ.

‘ಖಾಸಗಿ ಹಣಕಾಸು’ ಅಂತೂ ದಯವಿಟ್ಟು ಬೇಡ. ಸ್ವಸಹಾಯ ಸಂಘದವರಿಗೆ ಅದು ವಾರದ ಕಂತು, ಮನೆ ಬಾಗಿಲಿಗೆ ಬರುವ ವಸೂಲಿಯವನು. ಸಾಲ ಕೊಡುವ ಸಭೆ ಅಂದುಕೊಂಡು ಆಧಾರ್ ಜೆರಾಕ್ಸ್ ಹಿಡಿದುಕೊಂಡು ಬರುತ್ತಾರೆ.

ಅಚ್ಚಗನ್ನಡ (ಸಕಲೇಶಪುರ), 10.50

ಇಷ್ಟು ತಿಣುಕಾಟ ಯಾಕೆ? ಕನ್ನಡದಲ್ಲಿ ಪದ ಇದೆ. ಎಬ್ಬಿಸಿ ಓಡಿಸುವುದಕ್ಕೆ ‘ಒಕ್ಕಲೆಬ್ಬಿಸು’ ಅನ್ನುತ್ತೇವೆ. ತಿರುಗಿ ಕೂರಿಸುವುದು ‘ಒಕ್ಕಲಿರಿಸು’. ರೀಸೆಟಲ್‌ಮೆಂಟ್ = ಮರುಒಕ್ಕಲು. ಒಕ್ಕುವುದು ಅಂದರೆ ತೆನೆ ಬಡಿದು ಕಾಳು ಬಿಡಿಸುವುದು. ಕಣ ಇದ್ದವನು ಊರಿನವನು, ಅವನೇ ಒಕ್ಕಲು. ನೆಲಕ್ಕೂ ಮನುಷ್ಯನಿಗೂ ಇರುವ ನಂಟು ಈ ಒಂದು ಪದದಲ್ಲಿದೆ. ಸಂಸ್ಕೃತದ ‘ಪುನರ್’ ಬಾಲಂಗೋಚಿ ಬೇಕಿಲ್ಲ.

ಹಳೇಬೀಡು ಮೇಷ್ಟ್ರು, 11.10

ಅದು ಬಾಲವಲ್ಲ, ಮುಂದೆ ಕೂರುವುದು. ಇರಲಿ.

ಒಕ್ಕು ಬೇರೆ, ಒಕ್ಕಲು ಬೇರೆ. ತಮಿಳಿನಲ್ಲಿ ‘ಒಕ್ಕಲ್’ ಅಂದರೆ ನೆಂಟರಿಷ್ಟರು, ಬಳಗ. ಕನ್ನಡದಲ್ಲಿ ಅದೇ ವಾಸ, ಮನೆತನ, ಗೇಣಿ ಅಂತ ಬೆಳೆದಿದೆ. ‘ಮನೆ ಒಕ್ಕಲು’ ಅಂತ ಗೃಹಪ್ರವೇಶಕ್ಕೆ ಕರೆಯುವವರು ಅವತ್ತು ರಾಗಿ ಬಡಿಯುವುದಿಲ್ಲ. ಕಣಕ್ಕೂ ಒಕ್ಕಲಿಗೂ ಗಂಟು ಹಾಕುವುದು ಕಿವಿಗೆ ಇಂಪು, ಅಷ್ಟೇ.

ಅಚ್ಚಗನ್ನಡ, 11.18

ನೆಂಟರು, ಬಳಗ ಅಂದರೆ ಇನ್ನೂ ಒಳ್ಳೆಯದಾಯಿತಲ್ಲ. ಬಂದವರನ್ನು ಬಳಗ ಮಾಡಿಕೊಳ್ಳುವುದೇ ಇಂಟಿಗ್ರೇಷನ್. ಒಂದೇ ಪದಕ್ಕೆ ಎರಡು ಕೆಲಸ.

ಮುಳ್ಳಯ್ಯನಗಿರಿ, 11.25

ಹಾಸನದ ಫ್ಲೆಕ್ಸ್ ಮೇಲೆ ‘ಒಕ್ಕಲು’ ಅಂತ ದೊಡ್ಡಕ್ಷರದಲ್ಲಿ ಹಾಕಿ ನೋಡಿ. ಜಾತಿ ಸಮಾವೇಶ ಅಂತ ಕಾರುಗಳು ಬಂದು ನಿಲ್ಲುತ್ತವೆ. ‘ಒಡೆಯ–ಒಕ್ಕಲು’ ಜೋಡಿಯಲ್ಲಿ ಒಕ್ಕಲು ಕೆಳಗಿನವನು ಅನ್ನುವುದು ಬೇರೆ. ದುಡ್ಡು ಕೊಟ್ಟವರು ಒಡೆಯರಾಗಬಾರದು ಅನ್ನುವುದೇ ಈ ಕೆಲಸದ ಮೊದಲ ನಿಯಮ.

ಹೇಮಾವತಿ ದಂಡೆ, 11.40

ಹಿಂದಿಯವರ ಹಾಗೆ ‘ಶರಣಾರ್ಥಿ’ ಅಂದರೆ? ಕಿವಿಗೆ ಗೌರವವಾಗಿದೆ.

ಹಳೇಬೀಡು ಮೇಷ್ಟ್ರು, 11.44

ಅಮ್ಮಾ, ಅದು ನಮ್ಮಲ್ಲಿ ನಮಸ್ಕಾರ. ‘ಶರಣು ಶರಣಾರ್ಥಿ’. ಫ್ಲೆಕ್ಸ್ ನೋಡಿದವರು ವಾಪಸ್ ಕೈ ಮುಗಿದು ಮುಂದೆ ಹೋಗುತ್ತಾರೆ.

ಮುಳ್ಳಯ್ಯನಗಿರಿ, ಮಧ್ಯಾಹ್ನ 12.15

‘ಸ್ಪಾನ್ಸರ್’ ಬಗ್ಗೆ. ‘ಪ್ರಾಯೋಜಕ’ ಅಂದರೆ ಟಿ.ವಿ. ಧಾರಾವಾಹಿಗೆ ಮುಂಚೆ ಬರುವ ಸೋಪಿನ ಕಂಪನಿ: ದುಡ್ಡು ಕೊಟ್ಟ, ಹೆಸರು ಹಾಕಿಸಿಕೊಂಡ, ಮುಗಿಯಿತು. 1979ರಿಂದ ಕೆನಡಾದಲ್ಲಿ ನಡೆದಿರುವುದು ಹಾಗಲ್ಲ. ಐದು ಜನ ಸೇರಿ ಗುಂಪಾಗಬಹುದಿತ್ತು; ಐವರೂ ಅಲ್ಲಿನ ಪೌರರೋ ಕಾಯಂ ನಿವಾಸಿಗಳೋ ಆಗಿರಬೇಕಿತ್ತು. ಬಂದ ಕುಟುಂಬದ ಬಾಡಿಗೆ, ದಿನಸಿ, ಬಟ್ಟೆಬರೆ, ಮಕ್ಕಳ ಶಾಲೆ, ಭಾಷೆ ತರಗತಿಗೆ ಸೇರಿಸುವುದು, ಆಸ್ಪತ್ರೆಗೆ ಜೊತೆ ಹೋಗುವುದು ಎಲ್ಲ ಸಾಮಾನ್ಯವಾಗಿ 12 ತಿಂಗಳು ಇವರ ತಲೆಯ ಮೇಲೆ. ಅಷ್ಟರೊಳಗೆ ಕುಟುಂಬ ತನ್ನ ಕಾಲ ಮೇಲೆ ನಿಂತರೆ ಹಣದ ಹೊರೆ ಇಳಿಯುತ್ತದೆ. ಅಮೆರಿಕದವರು 2023ರ ಜನವರಿಯಲ್ಲಿ ಶುರು ಮಾಡಿದ ‘ವೆಲ್‌ಕಮ್ ಕೋರ್’ನಲ್ಲೂ ಕನಿಷ್ಠ ಐದು ಜನ, ಆದರೆ ಅವಧಿ ಮೊದಲ 90 ದಿನ ಮಾತ್ರ. 2025ರ ಜನವರಿಯಲ್ಲಿ ಅದು ನಿಂತಿತು. ಕೆನಡಾದವರೂ 2024ರ ನವೆಂಬರ್ ಕೊನೆಯಲ್ಲಿ ಐವರ ಗುಂಪುಗಳ ಹೊಸ ಅರ್ಜಿಗೆ ತಡೆ ಹಾಕಿದರು. ಕೈಪಿಡಿಯ ವಾಕ್ಯಗಳ ಕಾಲರೂಪ ನೋಡಿಕೊಳ್ಳಿ, ‘ಸೇರಬಹುದು’ ಅನ್ನುವ ಕಡೆ ‘ಸೇರಬಹುದಿತ್ತು’ ಬೇಕಾದೀತು.

ಪದ ‘ಹೊಣೆಗುಂಪು’ ಆಗಲಿ. ‘ಜಾಮೀನುದಾರ’ ಕೋರ್ಟಿನ ವಾಸನೆ.

ಅಚ್ಚಗನ್ನಡ, 12.30

‘ಮುಯ್ಯಿ’ ಮರೆತಿರಾ? ಮದುವೆಗೆ ಮುಯ್ಯಿ, ನಾಟಿಗೆ ಮುಯ್ಯಾಳು. ಊರು ಕೂಡಿ ಒಬ್ಬನನ್ನು ಎತ್ತಿ ನಿಲ್ಲಿಸುವುದಕ್ಕೆ ಮಲೆನಾಡಿನಲ್ಲಿ ಅದಕ್ಕಿಂತ ಪದ ಬೇಕೆ?

ಮುಳ್ಳಯ್ಯನಗಿರಿ, 12.38

ಮುಯ್ಯಿ ತೀರಿಸಬೇಕು. ಯಾರು ಎಷ್ಟು ಹಾಕಿದರು ಅಂತ ಪಟ್ಟಿ ಬರೆದಿಡುವುದೇ ಅದಕ್ಕೆ. ಇಲ್ಲಿ ತದ್ವಿರುದ್ಧ: ಹೊಣೆಗುಂಪು ಆ ಕುಟುಂಬದಿಂದ ಒಂದು ಕಾಸೂ ವಾಪಸ್ ಕೇಳುವಂತಿಲ್ಲ. ಪ್ರಯಾಣಕ್ಕೆಂದು ಕೆನಡಾ ಸರ್ಕಾರ ಕೊಡುವ ಸಾಲ ಮಾತ್ರ ತೀರಿಸಬೇಕಾದ್ದು, ಅದು ಬೇರೆ ಲೆಕ್ಕ. ಒಳ್ಳೆಯ ಪದ, ತಪ್ಪು ಜಾಗ.

ಕಡತ, 12.50

‘ಹೊಣೆಗುಂಪು’, ‘ಮರುಒಕ್ಕಲು’. ಇವು ಯಾವ ಪದಕೋಶದಲ್ಲೂ ಇಲ್ಲ. ಇಲ್ಲಿ ಕೂತು ಪದ ಟಂಕಿಸುವುದು ಸುಲಭ.

ಅಚ್ಚಗನ್ನಡ, 12.58

ಪದಕೋಶದಲ್ಲಿರುವುದು ಸಂಸ್ಕೃತ, ಪಾರಸಿ. ಖಾಸಗಿ ಯಾರದ್ದು? ದೇಣಿಗೆ ಯಾರದ್ದು? ಚಂದಾ? ನಮ್ಮ ಮನೆಯ ಕಣಜದಲ್ಲಿ ಬರೀ ಎರವಲು ಕಾಳು.

ಹಳೇಬೀಡು ಮೇಷ್ಟ್ರು, 1.20

ಖಾಸಗಿ ಅರಬ್ಬಿಯ ಖಾಸ್‌ನಿಂದ ಬಂದದ್ದು, ದೇಣಿಗೆ ಮರಾಠಿಯ ದೇಣಗಿ, ಚಂದಾ ಪಾರಸಿ. ಒಪ್ಪಿದೆ. ಇನ್ನೂ ಪಟ್ಟಿ ಬೇಕೆ? ಜಮಾ, ಖರ್ಚು, ಬಾಕಿ, ರಸೀದಿ. ಈ ನಾಲ್ಕನ್ನು ತೆಗೆದು ನಿಮ್ಮ ತೋಟದ ಲೆಕ್ಕ ಬರೆದು ಇಲ್ಲಿಗೆ ಕಳಿಸಿ, ನೋಡೋಣ.

ಹಲ್ಮಿಡಿ ಇರುವುದು ನಮ್ಮ ಬೇಲೂರು ತಾಲ್ಲೂಕಿನಲ್ಲೇ. ಸುಮಾರು 450ರ ಆ ಶಾಸನ ಶುರುವಾಗುವುದೇ ಸಂಸ್ಕೃತ ಶ್ಲೋಕದಿಂದ. ಉದ್ದುದ್ದ ಸಮಾಸಗಳ ನಡುವೆ ಕನ್ನಡವನ್ನು ಹುಡುಕಿಕೊಳ್ಳಬೇಕು. ಹಾಗಿದ್ದೂ ಅದು ಕನ್ನಡ ಶಾಸನವೇ. ಅದರಲ್ಲಿ ಕೊಡುಗೆಗೆ ಬಳಸಿರುವ ಪದ ‘ಬಾಳ್ಗಳ್ಚು’. ಹೋರಾಡಿದ ವೀರನಿಗೆ ಕತ್ತಿ ತೊಳೆದು ಕೊಟ್ಟ ಊರು. ಅಚ್ಚಗನ್ನಡ ನಿಧಿ ಸಂಗ್ರಹಕ್ಕೆ ಅದನ್ನೇ ಬಳಸಿ ಬೇಕಾದರೆ. ದಾನಿಗಳು ಕತ್ತಿ ತರುತ್ತಾರೆ.

ಅಚ್ಚಗನ್ನಡ, 1.26

ಗೇಲಿ ಮಾಡಿದರೆ ವಾದವಾಗುವುದಿಲ್ಲ.

ಹೇಮಾವತಿ ದಂಡೆ, 1.40

ಮೇಷ್ಟ್ರೇ, ಸಾರ್, 4 ಗಂಟೆಗೆ ಅಂಗಡಿ. ಇಂಟಿಗ್ರೇಷನ್ ಇನ್ನೂ ಹಾಗೇ ಇದೆ. ‘ಬೆರೆಯುವಿಕೆ’ ಹಾಕಲೇ?

ಹಳೇಬೀಡು ಮೇಷ್ಟ್ರು, 1.52

ಬೆರೆ ಅಂದರೆ ಬೆರಕೆ, ಕಲಬೆರಕೆ ಬೆನ್ನಿಗೇ ಬರುತ್ತವೆ. ‘ಹೊಂದಿಕೆ’ ಅಂದರೆ ಸೊಸೆಗೆ ಹೇಳುವ ಬುದ್ಧಿಮಾತು: ಬಂದವಳೇ ಹೊಂದಿಕೊಳ್ಳಬೇಕು, ಮನೆಯವರು ಕಾಲು ಚಾಚಿ ಕೂತಿರಬಹುದು. ಎರಡೂ ಕಡೆಯವರು ಬದಲಾಗಬೇಕು ಅನ್ನುವ ಅರ್ಥ ಬೇಕಿದ್ದರೆ ‘ಕೂಡುಬಾಳ್ವೆ’. ರೀಸೆಟಲ್‌ಮೆಂಟ್‌ಗೆ ‘ಮರುನೆಲೆ’ ಸಾಕು, ಹೊಸದಾದರೂ ಕೇಳಿದ ಕೂಡಲೇ ತಿಳಿಯುತ್ತದೆ. ರೆಫ್ಯೂಜಿಗೆ ‘ನಿರಾಶ್ರಿತ’ವನ್ನೇ ಇಟ್ಟು ಮೊದಲ ಸಲ ‘ದೇಶ ತೊರೆದು ಬಂದ’ ಅಂತ ಸೇರಿಸಿ. ಭಿಕ್ಷುಕರ ಕೇಂದ್ರದ ನೆರಳು ಅಲ್ಲಿಗೆ ಹೋಗುತ್ತದೆ.

ಮುಳ್ಳಯ್ಯನಗಿರಿ, 2.20

ಮೇಷ್ಟ್ರು ಹೇಳಿದ್ದು ಫ್ಲೆಕ್ಸ್‌ಗೆ ಆಯಿತು. ಕೈಪಿಡಿಯ ಲೆಕ್ಕದ ಪದಗಳೇ ಹೆಚ್ಚು ಎಡವಿಸುವಂಥವು, ನೋಡಿಕೊಳ್ಳಿ.

‘ಅನಿವಾಸಿ ಕನ್ನಡಿಗರು’ ಅನ್ನುವ ಪತ್ರಿಕೆ ಪದವನ್ನು ದೇಣಿಗೆ ಪುಟದಲ್ಲಿ ಬಳಸಲೇಬೇಡಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗಿರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡ ನಮ್ಮೂರ ಹುಡುಗನೇ ಕಳಿಸಿದರೂ ಅದು ವಿದೇಶಿ ದೇಣಿಗೆ. ಅದಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು, ಹಣ ಮೊದಲು ಬೀಳಬೇಕಾದ್ದು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಅದರಲ್ಲಿ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ, ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಒಂದೇ ಪದ ಇಬ್ಬರಿಗೂ ಹಾಕಿದರೆ ಟ್ರಸ್ಟಿನ ಖಜಾಂಚಿ ಸಿಕ್ಕಿಬೀಳುತ್ತಾನೆ.

ಕಾರ್ಪಸ್‌ಗೆ (ಖರ್ಚು ಮಾಡದೆ ಕಾಯಂ ಆಗಿ ಇಡುವ ಹಣ) ‘ಮೂಲನಿಧಿ’. ಈ ಪದ ದಾನಿಯ ಪತ್ರದಲ್ಲೇ ಇರಬೇಕು, ಬರೀ ‘ದೇಣಿಗೆ’ ಎಂದಿದ್ದರೆ ಆಡಿಟರ್ ಅದನ್ನು ವರ್ಷದ ಆದಾಯಕ್ಕೆ ಸೇರಿಸುತ್ತಾರೆ. ಪ್ಲೆಡ್ಜ್‌ಗೆ (ಕೊಡುತ್ತೇನೆಂದು ಮಾತು ಕೊಟ್ಟ, ಇನ್ನೂ ಕೈಗೆ ಬಾರದ ಹಣ) ‘ಒಪ್ಪಿದ ಮೊತ್ತ’. ‘ಸಂಗ್ರಹವಾದ ಮೊತ್ತ’ದ ಕಾಲಂಗೆ ಅದು ಬರಬಾರದು. ಮಂಚ, ಪಾತ್ರೆ, ಅಕ್ಕಿಗೆ ‘ವಸ್ತುರೂಪದ ನೆರವು’. ಅದಕ್ಕೆ ದಾನಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಇಲ್ಲ, 2,000 ರೂಪಾಯಿ ಮೀರಿದ ನಗದಿಗೂ ಇಲ್ಲ.

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಹಣ) ಅರ್ಜಿಯಲ್ಲಿ ‘ಕೂಡುಬಾಳ್ವೆ’ ಬರೆಯಬೇಡಿ ಮೇಷ್ಟ್ರೇ, ಕ್ಷಮಿಸಿ. ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ನಿರಾಶ್ರಿತರ ಹೆಸರಿಲ್ಲ. ಭಾಷೆ ತರಗತಿಯನ್ನು ‘ಶಿಕ್ಷಣ’ದಡಿ, ಹೊಲಿಗೆ ತರಬೇತಿಯನ್ನು ‘ಜೀವನೋಪಾಯ’ದಡಿ ತೋರಿಸಿದರೆ ಕಂಪನಿಯವರಿಗೆ ಕಾಲಂ ಸಿಗುತ್ತದೆ.

ಕೊನೆಗೆ ರಸೀದಿಯ ಹಿಂದೆ ಒಂದು ವಾಕ್ಯ. ಹಣ ಕೂಡಿಸಿದ ಮೇಲೂ ಕುಟುಂಬ ಬರುವುದು ವರ್ಷಗಟ್ಟಲೆ ತಡವಾಗಬಹುದು, ಬಾರದೆಯೂ ಇರಬಹುದು, ಬರುವಷ್ಟರಲ್ಲಿ ಮಗು ಹುಟ್ಟಿ ತಲೆ ಹೆಚ್ಚಾಗಿರಬಹುದು, ಬಾಡಿಗೆಯಂತೂ ಏರಿಯೇ ಇರುತ್ತದೆ. ಆದ್ದರಿಂದ: ‘ಈ ಕುಟುಂಬ ಬಾರದಿದ್ದಲ್ಲಿ ಇದೇ ಹಣವನ್ನು ಇನ್ನೊಂದು ನಿರಾಶ್ರಿತ ಕುಟುಂಬದ ಮರುನೆಲೆಗೆ ಬಳಸಲು ನನ್ನ ಒಪ್ಪಿಗೆ ಇದೆ’. ‘ಬಳಸಲಾಗುವುದು’ ಅಲ್ಲ, ‘ನನ್ನ ಒಪ್ಪಿಗೆ ಇದೆ’. ಕರ್ಮಣಿಯಲ್ಲಿ ಬರೆದರೆ ಒಪ್ಪಿದ್ದು ಯಾರು ಅಂತ ಆಮೇಲೆ ಜಗಳ.

ಹೇಮಾವತಿ ದಂಡೆ, 3.25

ಎಲ್ಲರಿಗೂ ಋಣಿ. ಅಂಗಡಿಗೆ ಕಳಿಸುತ್ತಿರುವುದು:

ದೇಶ ತೊರೆದು ಬಂದ ನಿರಾಶ್ರಿತರಿಗೆ ಮರುನೆಲೆ, ಕೂಡುಬಾಳ್ವೆ
ಜನರಿಂದ, ಕಂಪನಿಗಳಿಂದ ನಿಧಿ ಸಂಗ್ರಹಣೆ: ಒಂದು ದಿನದ ಕಾರ್ಯಾಗಾರ

ಅಚ್ಚಗನ್ನಡ, 3.31

ನಿರಾಶ್ರಿತ, ನಿಧಿ, ಸಂಗ್ರಹ, ಕಾರ್ಯಾಗಾರ. ಎಣಿಸಿ.

ಹಳೇಬೀಡು ಮೇಷ್ಟ್ರು, 3.36

‘ಸಂಗ್ರಹಣೆ’ ಯಾಕಮ್ಮಾ? ‘ಸಂಗ್ರಹ’ ಸಾಕು. ಆ ‘ಣೆ’ ತೆಗೆಸಿ, ಅಕ್ಷರ ದೊಡ್ಡದಾಗುತ್ತದೆ.